ಮಾಡಿಟ್ಟ ಸದ್ದು ಯಾರಿಗೆ: ಒಳಗೆ ಕೂತವರಿಗಾ, ಹೊರಗೆ ನಡೆಯುವವರಿಗಾ?

ಕಳೆದ ಜುಲೈ ತಿಂಗಳ ಒಂದು ಬೆಳಗ್ಗೆ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದಿಂದ ಮುಖ್ಯ ರಸ್ತೆಯ ಕಡೆಗೆ ಅಮ್ಮನ ಜೊತೆ ನಡೆದು ಹೋಗುತ್ತಿದ್ದೆ. ರಾತ್ರಿಯೆಲ್ಲ ಸುರಿದ ಮಳೆ ಆಗಷ್ಟೇ ಹನಿಗೆ ಇಳಿದಿತ್ತು. ಹತ್ತು ಮಾರು ಆಚೆಯ ಸಿಲ್ವರ್ ಮರವೂ ಕಾಣದಷ್ಟು ಮಂಜು. ಅಮ್ಮನಿಗೆ ಎಪ್ಪತ್ತು ದಾಟಿದೆ. ಹೊಂಡದ ನೀರು ತಪ್ಪಿಸಲು ಅವರು ಸ್ವಲ್ಪ ರಸ್ತೆಯ ನಡುವಿಗೆ ಸರಿದರು. ಅಷ್ಟರಲ್ಲಿ ಹಿಂದೆ ಜಲ್ಲಿಯ ಮೇಲೆ ಟಯರ್ ಹೊರಳಿದ ಸಣ್ಣ ಸದ್ದು. ತಿರುಗಿ ನೋಡಿದರೆ ಎರಡೇ ಹೆಜ್ಜೆ ದೂರದಲ್ಲಿ ಒಂದು ಬಿಳಿ ಕಾರು.

ಪಕ್ಕದ ಹೋಂಸ್ಟೇಗೆ ಬಂದವರ ಎಲೆಕ್ಟ್ರಿಕ್ ಕಾರು ಅದು. ಅವರು ನಿಧಾನವಾಗಿಯೇ ಬರುತ್ತಿದ್ದರು. ವಯಸ್ಸಾದವರನ್ನು ಹಾರ್ನ್ ಹೊಡೆದು ಬೆದರಿಸುವುದು ಬೇಡ ಅಂತ ಸುಮ್ನೆ ಹಿಂದೆ ಬಂದಿದ್ದರಂತೆ. ಒಳ್ಳೆಯ ಮನಸ್ಸಿನವರು. ಅಮ್ಮ ಮಾತ್ರ ನನ್ನ ತೋಳು ಬಿಡಲಿಲ್ಲ. "ಗಾಡಿ ಬಂದದ್ದೇ ಗೊತ್ತಾಗ್ಲಿಲ್ಲ ಮಗ" ಅಂತ ರಸ್ತೆ ಮುಗಿಯುವವರೆಗೂ ಹೇಳುತ್ತಿದ್ದರು.

ಅದೇ ವಾರ ಮೈಸೂರಿನಿಂದ ಬಂದ ಅಕ್ಕನ ಮಗ ತನ್ನ ಹೊಸ ಕಾರಿನಲ್ಲಿ ನನ್ನನ್ನು ಕುಶಾಲನಗರಕ್ಕೆ ಕರೆದುಕೊಂಡು ಹೋದ. ಅದೂ ಎಲೆಕ್ಟ್ರಿಕ್ಕೇ. "ಮಾವ, ಇದನ್ನ ಕೇಳಿ" ಅಂತ ಪರದೆಯ ಮೇಲೆ ಒಂದು ಕಡೆ ಒತ್ತಿದ. ಕಾರಿನೊಳಗೆಲ್ಲ ದೊಡ್ಡ ಎಂಜಿನ್ ಗುಡುಗಿದ ಹಾಗೆ ಸದ್ದು ತುಂಬಿತು. ಆ ಕಾರಿನಲ್ಲಿ ಎಂಜಿನ್ನೇ ಇಲ್ಲ. ಕಿಟಕಿ ಇಳಿಸಿ ಕಿವಿ ಹೊರಗಿಟ್ಟು ಕೇಳಿದೆ. ಹೊರಗೆ ಗಾಳಿ ಮತ್ತು ಟಯರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಈ ಎರಡು ಸಂಗತಿ ಅವತ್ತಿನಿಂದ ನನ್ನ ತಲೆಯಲ್ಲಿ ಅಕ್ಕಪಕ್ಕ ಕೂತಿವೆ. ಸೀಟಿನಲ್ಲಿ ಕೂತವರಿಗೆ ಬೇಕಾದಷ್ಟು ಸದ್ದು, ರಸ್ತೆಯಲ್ಲಿ ನಡೆಯುವವರಿಗೆ ಏನೂ ಇಲ್ಲ. ಇದು ಹೀಗೇಕಾಯಿತು?

ಕಾರಿನೊಳಗೆ ಸದ್ದು ಮಾಡಿಡುವ ಅಭ್ಯಾಸ ಎಲೆಕ್ಟ್ರಿಕ್ ಕಾರುಗಳಿಂದ ಶುರುವಾದದ್ದಲ್ಲ. ಪೆಟ್ರೋಲ್ ಕಾರುಗಳ ಕಾಲದಲ್ಲೇ ಇತ್ತು. ಹೊಗೆ ಮತ್ತು ಇಂಧನದ ನಿಯಮಗಳು ಬಿಗಿಯಾದಂತೆ ಕಂಪನಿಗಳು ದೊಡ್ಡ ಎಂಜಿನ್ ಬಿಟ್ಟು ಸಣ್ಣ ಟರ್ಬೊ ಎಂಜಿನ್‌ಗೆ ಬಂದವು. ಟರ್ಬೊದ ಚಕ್ರ ಹೊಗೆಕೊಳವೆಯ ದಾರಿಯಲ್ಲೇ ಕೂತು ತಿರುಗುತ್ತದೆ. ಎಂಜಿನ್ನಿನಿಂದ ಹೊಡೆದು ಹೊಡೆದು ಬರುವ ಹೊಗೆಯ ಬಡಿತ ಅಲ್ಲೇ ಮೊಂಡಾಗುತ್ತದೆ. ಜೊತೆಗೆ ದಪ್ಪ ಗಾಜು, ಬಾಗಿಲಿಗೆ ಎರಡೆರಡು ರಬ್ಬರ್ ಪಟ್ಟಿ. ಕೆಲವು ಕಾರುಗಳಲ್ಲಿ ಒಳಗಿನ ಸದ್ದನ್ನು ಮೈಕಿನಿಂದ ಹಿಡಿದು, ಅದಕ್ಕೆ ಎದುರಾದ ಅಲೆಯನ್ನು ಸ್ಪೀಕರಿನಿಂದ ಬಿಟ್ಟು ಅಳಿಸುವ ವ್ಯವಸ್ಥೆಯೂ ಬಂತು. ಕಾರು ಸುಖವಾಯಿತು. ಆದರೆ ಜಾಸ್ತಿ ದುಡ್ಡು ಕೊಟ್ಟು ಓಟದ ಕಾರು ಕೊಂಡವರಿಗೆ ಏನೋ ಕಳೆದುಕೊಂಡ ಹಾಗಾಯಿತು.

ಆಗ ಕಳೆದ ಸದ್ದನ್ನು ವಾಪಸ್ ತರುವ ಕೆಲಸ ಶುರುವಾಯಿತು. ಲೆಕ್ಸಸ್ ಕಂಪನಿ ತನ್ನ ಎಲ್‌ಎಫ್‌ಎ ಕಾರಿಗೆ ಯಮಾಹಾದವರ ಜೊತೆ ಸೇರಿ, ಎಂಜಿನ್ನಿನ ನಿಜವಾದ ಸದ್ದನ್ನೇ ಕೊಳವೆಗಳಲ್ಲಿ ಒಳಗೆ ತಂದಿತು. ಅದು ಕೇವಲ 500 ಕಾರುಗಳ ಮಾತು. ಫೋಕ್ಸ್‌ವ್ಯಾಗನ್ 'ಸೌಂಡಾಕ್ಟರ್' ಅನ್ನುವ ಸಣ್ಣ ಉಪಕರಣವನ್ನು ಮುಂದಿನ ಗಾಜಿನ ಬುಡದಲ್ಲಿ ಕೂರಿಸಿತು. ಅದು ಗಡಗಡ ಅಂತ ನಡುಗಿ ಆ ನಡುಕವನ್ನು ಕಾರಿನೊಳಗೆ ಹರಿಸುತ್ತದೆ. 2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ, ಎಷ್ಟು ಬಲ ಹಾಕುತ್ತಿದೆ ಅಂತ ಕಂಪ್ಯೂಟರಿನಿಂದ ಓದಿ, ಅದಕ್ಕೆ ತಕ್ಕ ಸದ್ದನ್ನು ಹಾಡು ಕೇಳುವ ಸ್ಪೀಕರುಗಳಿಂದಲೇ ಹೊರಡಿಸಿತು. 2015ರ ಫೋರ್ಡ್ ಮಸ್ಟ್ಯಾಂಗ್‌ನ ನಾಲ್ಕು ಸಿಲಿಂಡರ್ ಮಾದರಿಯಲ್ಲಿ, ಅದೇ ಕಂಪನಿಯ ಎಫ್-150 ಪಿಕಪ್ ಟ್ರಕ್ಕಿನಲ್ಲೂ ಸ್ಪೀಕರಿನ ಸಹಾಯ ಇತ್ತು. ಅಮೆರಿಕದಲ್ಲಿ ಇದು ದೊಡ್ಡ ಚರ್ಚೆಯಾಯಿತು. ತಾವು ಇಷ್ಟಪಟ್ಟ ಸದ್ದಿನಲ್ಲಿ ಎಷ್ಟು ಎಂಜಿನ್ನಿನದು, ಎಷ್ಟು ಸ್ಪೀಕರಿನದು ಅಂತ ಗೊತ್ತಾಗದೆ ಹೋದದ್ದಕ್ಕೆ ಜನ ನೊಂದುಕೊಂಡರು.

ಎಲೆಕ್ಟ್ರಿಕ್ ಕಾರು ಬಂದ ಮೇಲೆ ಬಚ್ಚಿಡುವ ಅಗತ್ಯವೇ ಹೋಯಿತು. ಬಿಎಂಡಬ್ಲ್ಯು ಸಿನಿಮಾ ಸಂಗೀತಗಾರ ಹಾನ್ಸ್ ಜಿಮ್ಮರ್ ಅವರಿಂದ ಸದ್ದು ಮಾಡಿಸಿತು. ನಮ್ಮ ಮಹೀಂದ್ರ ತನ್ನ ಹೊಸ ಎಲೆಕ್ಟ್ರಿಕ್ ಕಾರುಗಳಿಗೆ ಎ.ಆರ್. ರೆಹಮಾನ್ ಅವರನ್ನು ಜೊತೆಗೆ ಸೇರಿಸಿಕೊಂಡಿತು. ಡಾಡ್ಜ್ ಕಂಪನಿ 2022ರಲ್ಲಿ ತೋರಿಸಿದ 'ಚಾರ್ಜರ್' ಅನ್ನುವ ಎಲೆಕ್ಟ್ರಿಕ್ ಕಾರಿಗೆ 126 ಡೆಸಿಬೆಲ್ ಸದ್ದು ಬರುತ್ತದೆ ಅಂತ ಹೆಮ್ಮೆಯಿಂದ ಹೇಳಿಕೊಂಡಿತು. ಮಾತಾಡುವ ಸದ್ದು ಸುಮಾರು 60 ಡೆಸಿಬೆಲ್ ಅಂತ ನೆನಪಿಟ್ಟುಕೊಂಡರೆ ಇದು ಎಷ್ಟು ಅಂತ ಅಂದಾಜಾಗುತ್ತದೆ.

ಒಳಗಿನ ಸದ್ದು ಪೂರ್ತಿ ಸುಳ್ಳು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಘಾಟಿ ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ ಎಂಜಿನ್ನಿನ ಸದ್ದು ಮೋಜಿನ ವಿಷಯ ಅಲ್ಲ, ಅದು ಕೆಲಸದ ವಿಷಯ. ನನ್ನ ಚಿಕ್ಕಪ್ಪ ವರ್ಷಗಟ್ಟಲೆ ಕಾಫಿ ಲೋಡ್ ಹಾಕಿಕೊಂಡು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಲಾರಿ ಹೊಡೆದವರು. ನನಗೆ ಡ್ರೈವಿಂಗ್ ಕಲಿಸುವಾಗ ಅವರು ಮೀಟರ್ ನೋಡಲು ಬಿಡುತ್ತಿರಲಿಲ್ಲ. "ಗಾಡಿ ಏನ್ ಹೇಳ್ತದೆ ಕೇಳು ಮಾರಾಯ" ಅನ್ನುತ್ತಿದ್ದರು. ಏರಿನಲ್ಲಿ ಎಂಜಿನ್ ಮುಕ್ಕಿರಿದರೆ ಗೇರ್ ಇಳಿಸು. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ ಕಿರುಚಿದರೆ ಹೆದರಬೇಡ, ಅದು ಗಾಡಿಯನ್ನು ಹಿಡಿದುಕೊಂಡಿದೆ ಅಂತ ಅರ್ಥ. ಇಳಿಯುವಾಗ ಸದ್ದೇ ಇಲ್ಲದಿದ್ದರೆ ಹೆದರಬೇಕು. ಆಗ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದಿರುತ್ತದೆ. ಮದೆನಾಡು ದಾಟಿ ಜೋಡುಪಾಲದ ಕಡೆ ಇಳಿಯುವಾಗ ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಅಂದರೆ ಆ ಸದ್ದಿನಲ್ಲಿ ಸುದ್ದಿ ಇತ್ತು. ಮಾಡಿಟ್ಟ ಸದ್ದನ್ನು ನಾನು ಅಳೆಯುವುದೂ ಇದೇ ಅಳತೆಯಿಂದ. ಅದು ಗಾಡಿಯ ನಿಜವಾದ ಸ್ಥಿತಿ ಹೇಳುತ್ತದೆಯಾ? ಹುಂಡೈ ಕಂಪನಿಯ ಐಯಾನಿಕ್ 5 ಎನ್ ಕಾರಿನಲ್ಲಿ ಇಲ್ಲದ ಗೇರು ಬದಲಾದ ಹಾಗೆ ಸದ್ದು ಬರುತ್ತದೆ. ಕೇಳಲು ಆಟಿಕೆ ಅನಿಸಬಹುದು. ಆದರೆ ಅಲ್ಲಿ ಗೇರ್ ಇಳಿಸಿದರೆ ಮೋಟಾರು ನಿಜವಾಗಿಯೂ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ, ಎಂಜಿನ್ ಬ್ರೇಕ್ ಹಿಡಿದ ಹಾಗೆ. ಸದ್ದು ಮಾಡಿದ್ದೇ ಆದರೂ ಹೇಳುವ ಸಂಗತಿ ನಿಜ. ಅದರ ಬದಲು ಕಾಲು ಒತ್ತಿದಾಗೆಲ್ಲ ಸುಮ್ನೆ ಗುಡುಗುವ ಸದ್ದಿನಿಂದ ಘಾಟಿಯಲ್ಲಿ ಏನೂ ಉಪಯೋಗ ಇಲ್ಲ.

ಇಲ್ಲಿ ಒಂದು ಮಾತು ಬೇರೆಯೇ ಹೇಳಬೇಕು. ಮಡಿಕೇರಿ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಅಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಸಂಪಾಜೆಯ ಕಡೆ ಇಳಿಯಬೇಡಿ. ಇಳಿಜಾರಿನಲ್ಲಿ ಮೋಟಾರು ಗಾಡಿಯನ್ನು ಹಿಡಿಯುವುದು ವಿದ್ಯುತ್ ಮಾಡಿ ಬ್ಯಾಟರಿಗೆ ತುಂಬುವ ಮೂಲಕ. ಬ್ಯಾಟರಿಯಲ್ಲಿ ಜಾಗವೇ ಇಲ್ಲದಿದ್ದರೆ ಆ ಹಿಡಿತ ತುಂಬಾ ಕಡಿಮೆಯಾಗುತ್ತದೆ. ಕೆಲಸವೆಲ್ಲ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಹಳೇ ಲಾರಿಯಾದರೆ ಎಂಜಿನ್ನಿನ ಸದ್ದು ನಿಂತದ್ದರಿಂದಲೇ ಇದು ಗೊತ್ತಾಗುತ್ತಿತ್ತು. ಎಲೆಕ್ಟ್ರಿಕ್ ಗಾಡಿಯಲ್ಲಿ ಪರದೆಯ ಮೂಲೆಯ ಒಂದು ಗುರುತು ನೋಡಿ ತಿಳಿದುಕೊಳ್ಳಬೇಕು. ಗುಡುಗು ಸಿಡಿಲಿನ ಸದ್ದು ಮಾಡುವ ಜಾಣ್ಮೆ ಇರುವವರು ಈ ಒಂದು ಸುದ್ದಿಗೆ ಯಾಕೆ ಸದ್ದು ಕೊಡಬಾರದು ಅಂತ ನಾನು ಕೇಳುತ್ತೇನೆ.

ಇನ್ನು ಹೊರಗಿನ ಸದ್ದಿಗೆ ಬರೋಣ. ನನ್ನ ಮಟ್ಟಿಗೆ ಮುಖ್ಯ ವಿಷಯ ಇದೇ.

ನಿಧಾನವಾಗಿ ಹೋಗುವ ಎಲೆಕ್ಟ್ರಿಕ್ ಗಾಡಿ ಕಿವಿಗೆ ಬೀಳುವುದಿಲ್ಲ ಅನ್ನುವ ದೂರು, ಪೆಟ್ರೋಲ್ ಎಂಜಿನ್ ಜೊತೆ ಮೋಟಾರೂ ಇರುವ ಹೈಬ್ರಿಡ್ ಕಾರುಗಳ ಕಾಲದಿಂದಲೂ ಇದೆ. ಮೊದಲು ದನಿ ಎತ್ತಿದವರಲ್ಲಿ ಕಣ್ಣು ಕಾಣದವರ ಸಂಘಗಳು ಮುಖ್ಯ. ಜಪಾನ್ 2010ರಲ್ಲೇ ಮಾರ್ಗಸೂಚಿ ಹೊರಡಿಸಿತು. ಅಮೆರಿಕದಲ್ಲಿ ಪಾದಚಾರಿಗಳ ಸುರಕ್ಷತೆಗೆಂದೇ ಕಾಯ್ದೆ ಬಂತು. ಯುರೋಪಿನಲ್ಲಿ 2019ರ ಜುಲೈ 1ರಿಂದ ಹೊಸ ಮಾದರಿಗಳಿಗೆ, 2021ರ ಜುಲೈ 1ರಿಂದ ಮಾರಾಟವಾಗುವ ಎಲ್ಲ ಹೊಸ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಗಾಡಿಗಳಿಗೆ ಎಚ್ಚರಿಕೆ ಸದ್ದು ಕಡ್ಡಾಯವಾಯಿತು. ಇದಕ್ಕೆ ಅವಾಸ್ ಅಂತ ಹೆಸರು. ಬಂಪರಿನ ಹಿಂದೆ ನೀರು ತಾಗಿದರೂ ಕೆಡದ ಒಂದು ಸ್ಪೀಕರ್, ಗಾಡಿಯ ವೇಗ ಓದುವ ಒಂದು ಸಣ್ಣ ಪೆಟ್ಟಿಗೆ, ಅಷ್ಟೆ.

ವಿಶ್ವಸಂಸ್ಥೆಯ 138ನೇ ವಾಹನ ನಿಯಮದಲ್ಲಿ ಈ ಸದ್ದು ಹೇಗಿರಬೇಕು ಅಂತ ಬರೆದಿದೆ. ಓದಿದಾಗ ನನಗೆ ತುಂಬಾ ಖುಷಿಯಾಯಿತು, ಯಾಕೆಂದರೆ ನನ್ನ ಚಿಕ್ಕಪ್ಪ ಹೇಳಿದ್ದೇ ಅಲ್ಲಿ ಅಂಕಿಗಳಲ್ಲಿದೆ. ಗಾಡಿ ಹೊರಟಾಗಿನಿಂದ ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ, ಮತ್ತು ಹಿಂದಕ್ಕೆ ಬರುವಾಗ, ಸದ್ದು ಬರಬೇಕು. 10 ಕಿಲೋಮೀಟರ್ ವೇಗದಲ್ಲಿ ಕನಿಷ್ಠ 50 ಡೆಸಿಬೆಲ್, 20ರಲ್ಲಿ ಕನಿಷ್ಠ 56. ಎಷ್ಟೇ ಆದರೂ 75 ದಾಟಬಾರದು. ವೇಗ ಏರಿದ ಹಾಗೆ ಸ್ವರವೂ ಏರಬೇಕು, ಪ್ರತಿ ಒಂದು ಕಿಲೋಮೀಟರ್ ವೇಗಕ್ಕೆ ಕನಿಷ್ಠ 0.8 ಶೇಕಡಾ. ಕೇಳಿದವರಿಗೆ ಗಾಡಿ ಹೊರಟಿತಾ, ಓಡುತ್ತಿದೆಯಾ, ನಿಲ್ಲುತ್ತಿದೆಯಾ ಅಂತ ಕಿವಿಯಲ್ಲೇ ಗೊತ್ತಾಗಬೇಕು. ಸದ್ದಿನ ಒಂದು ಭಾಗವಾದರೂ ತಗ್ಗು ಸ್ವರದಲ್ಲಿ, ಅಂದರೆ 1,600 ಹರ್ಟ್ಸ್ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರಬೇಕು. ವಯಸ್ಸಾದವರಿಗೆ ಮೊದಲು ಕೇಳದಂತಾಗುವುದು ಕೀಚಲು ಸ್ವರ ಅಲ್ವಾ? ಈ ಸಾಲು ನನ್ನ ಅಮ್ಮನಂಥವರಿಗೆ ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಿಲ್ಲ. ಮೊದಲು ಡ್ರೈವರ್ ಈ ಸದ್ದನ್ನು ಆಫ್ ಮಾಡಬಹುದಿತ್ತು. ನಂತರದ ತಿದ್ದುಪಡಿಯಲ್ಲಿ ಆ ಸ್ವಿಚ್ಚನ್ನೂ ನಿಷೇಧಿಸಿದರು.

2022ರಲ್ಲಿ ಟೆಸ್ಲಾ ಕಂಪನಿ ಅಮೆರಿಕದಲ್ಲಿ ಸುಮಾರು 5.78 ಲಕ್ಷ ಕಾರುಗಳನ್ನು ತಿದ್ದಬೇಕಾಗಿ ಬಂತು. ಹೊರಗಿನ ಸ್ಪೀಕರಿನಲ್ಲಿ ಹಾಡು, ಬೇರೆ ಬೇರೆ ಸದ್ದು ಹಾಕಿಕೊಂಡು ಓಡಿಸುವ ಸೌಲಭ್ಯ ಕೊಟ್ಟಿದ್ದರು. ಅದು ಎಚ್ಚರಿಕೆ ಸದ್ದನ್ನು ಮುಚ್ಚಿಹಾಕಬಹುದು ಅನ್ನುವುದೇ ಕಾರಣ. ಒಳಗಿನವರ ಖುಷಿಗೆ ಹೊರಗಿನವರ ಸದ್ದನ್ನು ಬಿಟ್ಟುಕೊಡಬಾರದು ಅನ್ನುವುದು ಅಲ್ಲಿ ಸ್ಪಷ್ಟವಾಯಿತು.

ನಮ್ಮಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2025ರ ಸೆಪ್ಟೆಂಬರಿನಲ್ಲಿ ಕರಡು ಅಧಿಸೂಚನೆ ಹೊರಡಿಸಿತು. ಅದರ ಪ್ರಕಾರ 2026ರ ಅಕ್ಟೋಬರ್ 1ರಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರು, ಬಸ್ಸು, ಲಾರಿಗಳಲ್ಲಿ ಅವಾಸ್ ಇರಬೇಕು. ಈಗಾಗಲೇ ಇರುವ ಮಾದರಿಗಳಿಗೆ 2027ರ ಅಕ್ಟೋಬರ್ 1 ಗಡುವು. ಅಳತೆಗೆ ಎಐಎಸ್-173 ಅನ್ನುವ ನಮ್ಮದೇ ಮಾನದಂಡ ಇದೆ. ಒಳ್ಳೆಯ ಹೆಜ್ಜೆ, ತಡವಾಗಿದ್ದರೂ ಒಳ್ಳೆಯದೇ.

ಆದರೆ ಕೊಡಗಿನ ರಸ್ತೆಯಲ್ಲಿ ನಿಂತು ಈ ಕರಡನ್ನು ಓದಿದರೆ ಕೆಲವು ಕೊರತೆ ಕಾಣುತ್ತವೆ.

ಮೊದಲನೆಯದು ಸ್ಕೂಟರ್ ಮತ್ತು ಆಟೋ. ಕರಡಿನಲ್ಲಿ ಅವು ಇಲ್ಲ. ನಮ್ಮ ಊರುಗಳಿಗೆ ಮೊದಲು ಬಂದ ಎಲೆಕ್ಟ್ರಿಕ್ ಗಾಡಿಗಳೇ ಅವು. ಗೋಣಿಕೊಪ್ಪದ ಸಂತೆಯ ದಿನ, ಕುಶಾಲನಗರದ ಬಸ್ ನಿಲ್ದಾಣದ ಪಕ್ಕ, ಜನರ ನಡುವೆ ತೂರಿಕೊಂಡು ಹೋಗುವುದು ಸ್ಕೂಟರೇ ಹೊರತು ಕಾರಲ್ಲ. ನಾನು ಸಂತೆಯಲ್ಲಿ ಬೆಚ್ಚಿ ಪಕ್ಕಕ್ಕೆ ಸರಿದದ್ದೆಲ್ಲ ಸ್ಕೂಟರಿಗೇ.

ಎರಡನೆಯದು ಮಳೆ. 50, 56 ಅನ್ನುವ ಅಂಕಿಗಳನ್ನು ಅಳೆಯುವುದು ಒಣಗಿದ, ನಯವಾದ, ಸುತ್ತ ನಿಶ್ಶಬ್ದವಾದ ಪರೀಕ್ಷಾ ಜಾಗದಲ್ಲಿ, ಗಾಡಿಯ ನಡುಗೆರೆಯಿಂದ ಎರಡು ಮೀಟರ್ ದೂರದಲ್ಲಿ ಮೈಕ್ ಇಟ್ಟು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕೊಡೆಯ ಮೇಲೆ ಮಳೆ, ತಲೆಗೆ ಪ್ಲಾಸ್ಟಿಕ್ ಹೊದಿಕೆ, ಪಕ್ಕದ ಚರಂಡಿಯಲ್ಲಿ ಕೆಂಪು ನೀರಿನ ಓಟ. ಅದರ ನಡುವೆ 56 ಡೆಸಿಬೆಲ್ ಏನು ಕೇಳೀತು? ಒದ್ದೆ ರಸ್ತೆಯಲ್ಲಿ ಟಯರಿನ ಸದ್ದು ಜಾಸ್ತಿ ಆಗುತ್ತದೆ ಅನ್ನುವುದು ನಿಜ. ಆದರೆ ಅದು ಸಹಾಯಕ್ಕೆ ಬರುವುದು ವೇಗ ಇದ್ದಾಗ. ತೋಟದ ದಾರಿಯಲ್ಲಿ ಗಾಡಿಗಳು ಹೋಗುವುದು ಹತ್ತು ಹದಿನೈದರಲ್ಲಿ.

ಇದಕ್ಕೆ ಎದುರಾಗಿ ಹೇಳಬಹುದಾದ ಒಂದು ಅಧ್ಯಯನ ಇದೆ, ಅದನ್ನು ಬಿಡುವುದು ಸರಿಯಲ್ಲ. ಬ್ರಿಟನ್ನಿನಲ್ಲಿ 2013ರಿಂದ 2017ರವರೆಗಿನ ಅಪಘಾತಗಳನ್ನು ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನ. ಪ್ರತಿ 10 ಕೋಟಿ ಮೈಲಿ ಓಟಕ್ಕೆ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಿಂದ 5.16 ಪಾದಚಾರಿಗಳಿಗೆ ಪೆಟ್ಟಾಗಿತ್ತು, ಪೆಟ್ರೋಲ್ ಡೀಸೆಲ್ ಕಾರುಗಳಿಂದ 2.40. ಎರಡು ಪಟ್ಟಿಗೂ ಜಾಸ್ತಿ. ಆದರೆ ಈ ವ್ಯತ್ಯಾಸ ಕಂಡದ್ದು ನಗರಗಳಲ್ಲಿ. ಹಳ್ಳಿಗಳ ಕಡೆ ಅಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾದರೆ ಕೊಡಗಿಗೆ ಚಿಂತೆ ಇಲ್ಲವಾ? ನನಗೆ ಹಾಗೆ ಅನಿಸುವುದಿಲ್ಲ. ನಮ್ಮಲ್ಲಿ ಕಾಲುದಾರಿಯೂ ಗಾಡಿ ದಾರಿಯೂ ಒಂದೇ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಕೆಲಸಕ್ಕೆ ಹೊರಟವರು, ಶಾಲೆಯ ಮಕ್ಕಳು, ಹಸು ಹೊಡೆದುಕೊಂಡು ಬರುವವರು ಎಲ್ಲರೂ ಅದೇ ಹತ್ತಡಿ ಡಾಂಬರಿನ ಮೇಲೆ. ಒಂದು ಕಡೆ ಬೇಲಿ, ಇನ್ನೊಂದು ಕಡೆ ಕಡಿದಾದ ಮಣ್ಣಿನ ಬರೆ. ಜನರೂ ನಿಧಾನದ ಗಾಡಿಯೂ ಒಂದೇ ಜಾಗದಲ್ಲಿ ಸೇರುವುದು ನಗರದ ಲಕ್ಷಣ ಅಂದರೆ, ನಮ್ಮ ತೋಟದ ದಾರಿ ಆ ಲೆಕ್ಕದಲ್ಲಿ ನಗರವೇ.

ಹಾಗಂತ ಜೋರು ಸದ್ದು ಹಾಕಿ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಕಾರಣ ಆನೆ.

ಸಿದ್ದಾಪುರ, ಮಾಲ್ದಾರೆ, ಚೆನ್ನಯ್ಯನಕೋಟೆ ಕಡೆಯ ತೋಟಗಳಲ್ಲಿ ಬೆಳಗ್ಗೆ ಕೆಲಸಕ್ಕೆ ಹೋಗುವವರು ಕಿವಿಯನ್ನೇ ನಂಬಿ ನಡೆಯುತ್ತಾರೆ. ಹಲಸಿನ ಕೊಂಬೆ ಮುರಿದ ಸದ್ದು, ಹೊಟ್ಟೆಯೊಳಗಿಂದ ಬಂದಂಥ ಗುರುಗುಟ್ಟುವಿಕೆ, ಒಣಗಿದ ಎಲೆಯ ಮೇಲೆ ಭಾರದ ಹೆಜ್ಜೆ. ಆನೆ ಕಾಫಿ ಗಿಡಗಳ ನಡುವೆ ನಿಂತಿದ್ದರೆ ಕಣ್ಣಿಗೆ ಕಾಣುವ ಮೊದಲು ಕೇಳಬೇಕು. ಸೈಲೆನ್ಸರ್ ಬದಲಾಯಿಸಿಕೊಂಡ ಬೈಕುಗಳ ಸಾಲು ಹೋದ ಮೇಲೆ ಎಷ್ಟೋ ಹೊತ್ತು ಏನೂ ಕೇಳುವುದಿಲ್ಲ ಅಂತ ಅಲ್ಲಿಯವರು ಹೇಳುತ್ತಾರೆ. ಎಲೆಕ್ಟ್ರಿಕ್ ಗಾಡಿಯ ಮೌನ ಅವರಿಗೆ ಒಂದು ವರವೂ ಹೌದು. ಆ ವರವನ್ನು ಸ್ಪೀಕರ್ ಹಾಕಿ ಹಾಳು ಮಾಡಬಾರದು. ಎಚ್ಚರಿಸಲು ಬೇಕಾದಷ್ಟೇ ಸದ್ದು, ಅದಕ್ಕಿಂತ ಒಂದು ಚೂರೂ ಜಾಸ್ತಿ ಬೇಡ.

ಆನೆಗೂ ಕಿವಿ ಇದೆ. ಅಮೆರಿಕದಲ್ಲಿ ಒಂದು ಏಷ್ಯಾದ ಆನೆಯ ಕಿವಿಯನ್ನು ಪರೀಕ್ಷಿಸಿದಾಗ ಅದಕ್ಕೆ 17 ಹರ್ಟ್ಸ್‌ನಷ್ಟು ತಗ್ಗಿನ ಸದ್ದೂ ಕೇಳುತ್ತದೆ ಅಂತ ಗೊತ್ತಾಯಿತು. ನಮಗೆ ಕೇಳುವುದು 20ರ ಆಸುಪಾಸಿನಿಂದ ಮೇಲೆ. 1984ರಲ್ಲಿ, ಪ್ರಾಣಿಗಳ ಸದ್ದನ್ನು ಅಧ್ಯಯನ ಮಾಡುತ್ತಿದ್ದ ಕೇಟಿ ಪೇನ್ ಅಮೆರಿಕದ ಪೋರ್ಟ್‌ಲ್ಯಾಂಡಿನ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ನಿಂತಾಗ ಗಾಳಿಯಲ್ಲಿ ಏನೋ ಮಿಡಿದ ಹಾಗಾಯಿತಂತೆ. ನಮ್ಮ ಕಿವಿಗೆ ಸಿಗದ ತಗ್ಗು ಸ್ವರದಲ್ಲಿ ಆನೆಗಳು ಮಾತಾಡುತ್ತವೆ ಅನ್ನುವುದು ಜಗತ್ತಿಗೆ ತಿಳಿದದ್ದು ಹಾಗೆ. ಡೀಸೆಲ್ ಜೀಪಿನ ದಪ್ಪ ಗುಡುಗು ಆನೆಗೆ ತುಂಬಾ ಚೆನ್ನಾಗಿ ಕೇಳುವಂಥದ್ದು. ಅವಾಸ್ ನಿಯಮ ಲೆಕ್ಕಕ್ಕೆ ತೆಗೆದುಕೊಳ್ಳುವ ಸದ್ದು ಮಾತ್ರ 160 ಹರ್ಟ್ಸ್‌ನಿಂದ ಮೇಲಿನದು. ಮನುಷ್ಯರನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮ ಅದು, ತಪ್ಪಿಲ್ಲ. ಆದರೆ ತಿತಿಮತಿ, ಆನೆಚೌಕೂರು ಕಡೆಯ ತಿರುವಿನಲ್ಲಿ ಸದ್ದಿಲ್ಲದ ಕಾರೂ ಆನೆಯೂ ಒಂದಕ್ಕೊಂದು ಗೊತ್ತಾಗದೆ ಎದುರಾದರೆ ಏನು ಅಂತ ಯಾರಾದರೂ ಯೋಚಿಸಲೇಬೇಕು. ಅರಣ್ಯ ಇಲಾಖೆ ಮತ್ತು ಸಾರಿಗೆ ಇಲಾಖೆ ಒಟ್ಟಿಗೆ ಕೂತು ಪರೀಕ್ಷೆ ಮಾಡಲು ಕೊಡಗಿಗಿಂತ ಒಳ್ಳೆಯ ಜಾಗ ಎಲ್ಲಿದೆ?

ಈಗಲೇ ಮಾಡಬಹುದಾದದ್ದೂ ಇದೆ. ಬೆಂಗಳೂರಿನಿಂದ ಮಡಿಕೇರಿಗೆ ಕೆಎಸ್ಸಾರ್ಟಿಸಿಯ ಎಲೆಕ್ಟ್ರಿಕ್ ಬಸ್ಸು ಬಂತು, ಹೋಂಸ್ಟೇಗಳ ಅಂಗಳದಲ್ಲಿ ಚಾರ್ಜರುಗಳು ಬಂದವು. ಗಡುವಿಗಾಗಿ ಕಾಯದೆ ಹೋಂಸ್ಟೇಯವರು ಅತಿಥಿಗಳಿಗೆ ಒಂದು ಮಾತು ಹೇಳಬಹುದು: ತೋಟದ ದಾರಿಯಲ್ಲಿ ಲೈಟ್ ಹಾಕಿಕೊಂಡು ಬನ್ನಿ, ನಡೆಯುವವರು ಕಂಡರೆ ದೂರದಿಂದಲೇ ಒಂದು ಸಣ್ಣ ಹಾರ್ನ್ ಕೊಡಿ, ಹತ್ತಿರ ಬಂದ ಮೇಲೆ ಬೇಡ. ಕಾರು ಕೊಳ್ಳುವವರು ಶೋರೂಮಿನಲ್ಲಿ ಎರಡು ಪ್ರಶ್ನೆ ಕೇಳಬಹುದು. ಹೊರಗೆ ಎಚ್ಚರಿಕೆ ಸದ್ದು ಇದೆಯಾ? ಅದನ್ನು ಆಫ್ ಮಾಡಲು ಆಗುತ್ತದಾ?

ಈ ವರ್ಷ ಕಾಫಿ ಹೂ ಬಿಟ್ಟ ಸಮಯದಲ್ಲಿ ನಾವೂ ಒಂದು ಕಾರು ನೋಡಲು ಹೋಗಿದ್ದೆವು. ಮಾರುವ ಹುಡುಗ ಮೊದಲು ಒಳಗಿನ ಸದ್ದುಗಳನ್ನು ಒಂದೊಂದಾಗಿ ಕೇಳಿಸಿದ. ಹೊರಗಿನದನ್ನು ಕೇಳಿದಾಗ ಫೋನ್ ಮಾಡಿ ವಿಚಾರಿಸಿ, ಇದೆ ಅಂದ. ಹಾಗಾದರೆ ಕೇಳಿಸು ಅಂದೆ. ಅಮ್ಮನನ್ನು ಅಂಗಳದಲ್ಲಿ ಆಚೆ ಮುಖ ಮಾಡಿ ನಿಲ್ಲಿಸಿದೆವು. ಅವನು ಹಿಂದಿನಿಂದ ನಡೆಯುವ ವೇಗದಲ್ಲಿ ಕಾರು ತಂದ. ಕೇಳಿದ ಕೂಡಲೇ ಕೈ ಎತ್ತಬೇಕು ಅಂತ ಅಮ್ಮನಿಗೆ ಹೇಳಿದ್ದೆ. ಕಾರು ಸುಮಾರು ಎಂಟು ಹೆಜ್ಜೆ ದೂರ ಇದ್ದಾಗ ಕೈ ಎತ್ತಿದರು. ಇನ್ನೊಮ್ಮೆ ಮಾಡಿಸಿದೆವು. ಆಗ ಪಕ್ಕದ ರಸ್ತೆಯಲ್ಲಿ ಒಂದು ಟಿಪ್ಪರ್ ಹೋಗುತ್ತಿತ್ತು. ಕಾರು ಎರಡು ಹೆಜ್ಜೆ ದೂರಕ್ಕೆ ಬಂದರೂ ಅಮ್ಮನ ಕೈ ಕೆಳಗೇ ಇತ್ತು.

ಹುಡುಗ ಕಾರು ನಿಲ್ಲಿಸಿ ಇಳಿದು ಬಂದ. ಅಮ್ಮ ಅವನ ಕಡೆ ತಿರುಗಿ, "ಇದನ್ನ ಮಳೆ ಹಿಡಿದ ಮೇಲೆ ಇನ್ನೊಂದ್ಸಲ ತೋರಿಸಪ್ಪ" ಅಂದರು.